ನೈಋತ್ಯವಾಯುವಿನ ಫಲವಿಚಾರ: ಕೃಷ್ಣಾತೀರದ ಉಗಾರದ ದೃಷ್ಟಾಂತ

ವರಾಹಮಿಹಿರಾಚಾರ್ಯನ ಬೃಹತ್ಸಂಹಿತೆಯಲ್ಲಿ ವಾತಚಕ್ರವೆಂಬ ಒಂದು ಕಿರಿಯ ಅಧ್ಯಾಯವುಂಟು. ಆಷಾಢ ಪೂರ್ಣಿಮೆಯ ದಿನ ಸೂರ್ಯಾಸ್ತಮಯಕಾಲದಲ್ಲಿ ಗಾಳಿಯು ಯಾವ ದಿಕ್ಕಿನಿಂದ ಬೀಸುವುದೋ ಅದನ್ನು ನೋಡಿ ಆ ವರ್ಷದ ಮಳೆಬೆಳೆಗಳ ಫಲವನ್ನು ಹೇಳುವ ಕ್ರಮವು ಅಲ್ಲಿ ನಿರೂಪಿತವಾಗಿದೆ. ಪೂರ್ವ, ಉತ್ತರ, ಈಶಾನ್ಯ ದಿಕ್ಕುಗಳ ಗಾಳಿಗೆ ಶುಭಫಲವನ್ನು ಹೇಳಿದೆ. ಆಗ್ನೇಯ ನೈಋತ್ಯಗಳ ಗಾಳಿಗೆ ಅಶುಭಫಲ. ಅದರಲ್ಲಿಯೂ ನೈಋತ್ಯದ ಗಾಳಿಗೆ ಹೇಳಿರುವ ಫಲವು ಅತಿ ಘೋರವಾದುದು. ಹಸಿವು ನೀರಡಿಕೆಗಳಿಂದ ಸತ್ತವರ ಎಲುಬಿನ ಚೂರುಗಳು ಭೂಮಿಯನ್ನೇ ಹೊದಿಸಿಬಿಡುವುವೆಂದು ಆಚಾರ್ಯನ ಅಭಿಪ್ರಾಯ.

ಆದರೆ ಇಂದಿನ ವಾಯುವಿಜ್ಞಾನದಲ್ಲಿ ಈ ದೇಶಕ್ಕೆ ಮಳೆಯನ್ನು ತರುವ ಗಾಳಿಗೆ ನೈಋತ್ಯ ಮಾರುತವೆಂದೇ ಹೆಸರು. ಶಾಸ್ತ್ರದಲ್ಲಿ ಕ್ಷಾಮಕ್ಕೆ ಕಾರಣವೆನಿಸಿದ ಗಾಳಿಯು ಲೋಕದಲ್ಲಿ ಸುಭಿಕ್ಷಕ್ಕೆ ಕಾರಣವಾಗಿರುವುದನ್ನು ಹೇಗೆ ಸಮನ್ವಯಗೊಳಿಸಬೇಕು? ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಂಥ ಊರಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾಗುತ್ತದೆ. ಅಲ್ಲಿ ಆಷಾಢಮಾಸದ ಗಾಳಿಯು ಸಾಮಾನ್ಯವಾಗಿ ಪಡುವಣದಿಂದಲೋ ನೈಋತ್ಯದಿಂದಲೋ ಬೀಸುತ್ತದೆ. ಶಾಸ್ತ್ರವಾಕ್ಯವನ್ನು ಅಕ್ಷರಶಃ ಹಿಡಿದರೆ ಆ ಊರಿಗೆ ಬಹುತೇಕ ವರ್ಷಗಳಲ್ಲಿ ದುರ್ಭಿಕ್ಷವನ್ನೇ ಹೇಳಬೇಕಾದೀತು. ಶಾಸ್ತ್ರವು ಸುಳ್ಳೆಂದು ತಳ್ಳಿಬಿಡುವುದು ಒಂದು ಮಾರ್ಗ. ಹಳೆಯದೆಂಬ ಮಾತ್ರಕ್ಕೆ ಎಲ್ಲವನ್ನೂ ಒಪ್ಪುವುದು ಇನ್ನೊಂದು. ಇವೆರಡಕ್ಕಿಂತ ಯುಕ್ತವಾದ ಮೂರನೆಯ ಮಾರ್ಗವುಂಟು. ಗಾಳಿಯ ಫಲವು ದಿಕ್ಕಿನಿಂದ ಮಾತ್ರ ನಿರ್ಣಯವಾಗತಕ್ಕದ್ದಲ್ಲ. ಆ ಗಾಳಿಯು ಯಾವ ನೆಲವನ್ನು ದಾಟಿ ಬಂದಿತೆಂಬುದರಿಂದ ನಿರ್ಣಯವಾಗತಕ್ಕದ್ದು. ಈ ಅಂಶವನ್ನು ಸ್ಥಾಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸ್ಥಲನಿರ್ದೇಶ

ಉಗಾರ ಬುದ್ರುಕವು ಕೃಷ್ಣಾನದಿಯ ಎಡದಂಡೆಯ ಬಯಲಿನಲ್ಲಿರುವ ಗ್ರಾಮ. ಹಿಂದೆ ಅಥಣಿ ತಾಲ್ಲೂಕಿನೊಳಗಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುತ್ತದೆ. ಬುದ್ರುಕ, ಖುರ್ದ ಎಂಬ ವಿಶೇಷಣಗಳು ಪಾರಸೀಕ ಭಾಷೆಯ ‘ಬುಜುರ್ಗ್’, ‘ಖುರ್ದ್’ ಎಂಬ ಶಬ್ದಗಳಿಂದ ಬಂದವು. ಹಿರಿಯ ಉಗಾರ, ಕಿರಿಯ ಉಗಾರ ಎಂದು ತಾತ್ಪರ್ಯ. ನದಿಯ ಆಚೆ ದಕ್ಷಿಣಕ್ಕೆ ರಾಯಬಾಗ; ಇದೇ ಶಾಸನಗಳ ಹೂವಿನ ಬಾಗೆ, ರಟ್ಟರ ಕೂಂಡಿ ಮೂರುಸಾಸಿರದ ಪ್ರಸಿದ್ಧ ಸ್ಥಳ. ಪಶ್ಚಿಮಕ್ಕೆ ಚಿಕ್ಕೋಡಿ, ನಿಪ್ಪಾಣಿಗಳು, ಪೂರ್ವಕ್ಕೆ ಅಥಣಿ. ಊರಿನ ನೆಲವು ಸಮುದ್ರಮಟ್ಟಕ್ಕಿಂತ ಸುಮಾರು 1,750 ಅಡಿ ಎತ್ತರದಲ್ಲಿದೆ. ಇಲ್ಲಿಂದ ನೇರ ಪಡುವಣಕ್ಕೆ ಸುಮಾರು 100 ಕಿಲೋಮೀಟರು ಹೋದರೆ ಸಹ್ಯಾದ್ರಿಯ ನೆತ್ತಿ. ಅದನ್ನು ಇಳಿದರೆ ಕೊಂಕಣ, ಆಮೇಲೆ ಕಡಲು. ಈ 100 ಕಿಲೋಮೀಟರಿನ ನೆಲವೇ ಇಲ್ಲಿಯ ವಿಚಾರಕ್ಕೆಲ್ಲ ಆಧಾರ.

ಶಾಸ್ತ್ರಗಳ ಪರಸ್ಪರ ಭೇದ

ವಾಯುಲಕ್ಷಣದ ವಿಷಯದಲ್ಲಿ ಶಾಸ್ತ್ರಗ್ರಂಥಗಳಲ್ಲಿಯೇ ಏಕವಾಕ್ಯತೆಯಿಲ್ಲ. ಬೃಹತ್ಸಂಹಿತೆಯ ಗರ್ಭಲಕ್ಷಣಾಧ್ಯಾಯದಲ್ಲಿ ಮೇಘವು ಗರ್ಭಧರಿಸಿದ 195 ದಿನಗಳಿಗೆ ಮಳೆಯಾಗಿ ಪ್ರಸವಿಸುವುದೆಂದು ಹೇಳಿ, ಗರ್ಭಕಾಲದಲ್ಲಿ ಉತ್ತರ, ಈಶಾನ್ಯ, ಪೂರ್ವ ದಿಕ್ಕುಗಳ ಮೃದುವಾದ ಗಾಳಿಯು ಶ್ರೇಷ್ಠವೆಂದು ವಿಧಿಸಿದೆ. ಕೃಷಿಪರಾಶರದಲ್ಲಿಯಾದರೋ ಪೌಷಮಾಸದ ಗಾಳಿಯನ್ನು ಪರೀಕ್ಷಿಸುವಾಗ ಉತ್ತರ ಪಶ್ಚಿಮಗಳ ಗಾಳಿಯಿಂದ ವೃಷ್ಟಿಯೂ ಪೂರ್ವ ದಕ್ಷಿಣಗಳ ಗಾಳಿಯಿಂದ ಅನಾವೃಷ್ಟಿಯೂ ಆಗುವುವೆಂದಿದೆ. ಉತ್ತರದ ವಿಷಯದಲ್ಲಿ ಎರಡು ಗ್ರಂಥಗಳೂ ಒಪ್ಪುತ್ತವೆ. ಪೂರ್ವದ ವಿಷಯದಲ್ಲಿ ಒಂದು ವಿಧಿಸಿದುದನ್ನು ಇನ್ನೊಂದು ನಿಷೇಧಿಸುತ್ತದೆ. ಇಂಥ ಕಡೆ ಒಂದು ಋಷಿವಾಕ್ಯದ ಬಲದಿಂದ ಇನ್ನೊಂದನ್ನು ಬಾಧಿಸುವುದಕ್ಕಿಂತ, ಯಾವ ದೇಶದ ಆಕಾಶವನ್ನು ನೋಡಿ ಯಾವ ವಾಕ್ಯವು ಹುಟ್ಟಿತೆಂದು ವಿಚಾರಿಸುವುದು ಮೇಲು.

ವರಾಹಮಿಹಿರನು ಅವಂತಿದೇಶದವನು. ಆದರೆ ಮಳೆಯ ವಿಷಯದಲ್ಲಿ ತಾನು ಗರ್ಗ, ಪರಾಶರ, ಕಾಶ್ಯಪ ಮೊದಲಾದ ಪ್ರಾಚೀನರ ಮತಗಳನ್ನು ನೋಡಿ ಹೇಳುತ್ತಿರುವುದಾಗಿ ಅವನೇ ಒಪ್ಪಿಕೊಂಡಿದ್ದಾನೆ. ಆ ಪ್ರಾಚೀನರ ಪರಂಪರೆಯು ಪ್ರಾಯಶಃ ಉತ್ತರದ ಮಹಾಬಯಲಿಗೆ ಸೇರಿದುದು. ಗಂಗೆಯ ಬಯಲಿನಲ್ಲಿ ಹಿಮವತ್ಪರ್ವತವು ಉತ್ತರಕ್ಕೆ ಗೋಡೆಯಂತೆ ನಿಂತಿರುವುದರಿಂದ ಬಂಗಾಳದ ಕಡಲಿನ ತೇವವು ಆ ಗೋಡೆಯ ಬುಡದಲ್ಲಿ ಪಶ್ಚಿಮಕ್ಕೆ ತಿರುಗಿ ಪೂರ್ವದ ಗಾಳಿಯಾಗಿ ಬೀಸುತ್ತದೆ. ಅಲ್ಲಿಯ ಒಕ್ಕಲಿಗರಿಗೆ ಮಳೆಯ ಗಾಳಿಯೆಂದರೆ ಇಂದಿಗೂ ಮೂಡಣ ಗಾಳಿಯೇ. ಪಡುವಣದ ಗಾಳಿಯು ಅಲ್ಲಿ ಮರುಭೂಮಿಯ ಕಡೆಯಿಂದ ಬರತಕ್ಕದ್ದು. ಆದುದರಿಂದ ಪೂರ್ವ ಈಶಾನ್ಯಗಳು ಶುಭ, ನೈಋತ್ಯವು ಅಶುಭ ಎಂಬ ಮಾತು ಆ ನೆಲದಲ್ಲಿ ಅನುಭವಕ್ಕೆ ದೂರವಾದುದಲ್ಲ. ಪರ್ವತವು ಬೇರೆಯಾದರೆ ಗಾಳಿಯ ಫಲವೂ ಬೇರೆಯಾಗುವುದೆಂಬ ಒಂದು ಉಪವಾಕ್ಯವು ಮಾತ್ರ ಆ ವಿಧಿಯಲ್ಲಿ ಉಳಿದುಹೋಯಿತು.

ಆ ಉಪವಾಕ್ಯದ ಬೀಜವು ಇನ್ನೊಂದು ಗ್ರಂಥದಲ್ಲಿ ದೊರೆಯುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅರತ್ನಿಪ್ರಮಾಣದ ಬಾಯುಳ್ಳ ಕುಂಡವನ್ನು ಕೋಷ್ಠಾಗಾರದಲ್ಲಿಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿದೆ. ಸೀತಾಧ್ಯಕ್ಷಪ್ರಕರಣದಲ್ಲಿ ದೇಶದೇಶಗಳ ಮಳೆಯ ಪ್ರಮಾಣವೂ ಹೇಳಲ್ಪಟ್ಟಿದೆ. ಜಾಂಗಲದೇಶಕ್ಕೆ 16 ದ್ರೋಣ, ಅವಂತಿಗೆ 23 ದ್ರೋಣ, ಗೋದಾವರೀತೀರದ ಅಶ್ಮಕಕ್ಕೆ ಜಾಂಗಲಕ್ಕಿಂತಲೂ ಕಡಿಮೆ. ಅಪರಾಂತಕ್ಕಾದರೋ ಅಳತೆಯೇ ಇಲ್ಲ, ಅದು ‘ಅಮಿತ’. ಅಪರಾಂತವೆಂದರೆ ಕೊಂಕಣ. ಅಶ್ಮಕವು ಸಹ್ಯಾದ್ರಿಯ ಹಿಂಬದಿಯ ನೆಲ. ಒಂದೇ ಪರ್ವತದ ಮುಂದೆ ಅಮಿತವೃಷ್ಟಿ, ಹಿಂದೆ ಎಲ್ಲಕ್ಕಿಂತಲೂ ಅಲ್ಪವೃಷ್ಟಿ ಎಂಬ ವೈಪರೀತ್ಯವನ್ನು ಕೌಟಿಲ್ಯನು ಕಾರಣವನ್ನು ಹೇಳದೆಯೇ ಗುರುತಿಸಿದ್ದಾನೆ. ಶಕುನದ ದೃಷ್ಟಿಯಿಂದ ನೋಡಿದವರಿಗೆ ಸಿಕ್ಕದ ಸತ್ಯವು ಕಂದಾಯದ ದೃಷ್ಟಿಯಿಂದ ಅಳೆದವನಿಗೆ ಸಿಕ್ಕಿತು.

ಕನ್ನಡದಲ್ಲಿಯೂ ಈ ವಿಷಯದ ಗ್ರಂಥಗಳಿವೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಷ್ಟಿಲಕ್ಷಣವು ಸೇರಿದೆ. ಸುಮಾರು 1300ರ ರಟ್ಟಕವಿಯ ರಟ್ಟಮತವು ಮಳೆ, ಮಿಂಚು, ಭೂಕಂಪ, ಗ್ರಹಚಾರಾದಿಗಳ ಲಕ್ಷಣಗಳಿಗಾಗಿಯೇ ಮೀಸಲಾದುದು. ಅದು ತೆಲುಗಿಗೂ ಪರಿವರ್ತಿತವಾಯಿತು. ಈ ಗ್ರಂಥಗಳನ್ನು ಓದುವಾಗ ಅನುಸರಿಸತಕ್ಕ ಒಂದು ಕ್ರಮವನ್ನು ಲೇಖನಾಂತ್ಯದಲ್ಲಿ ಸೂಚಿಸಲಾಗುವುದು.

ಪರ್ವತವು ಮಾಡುವ ಕಾರ್ಯ

ಬೇಸಗೆಯ ಕಡೆಯಲ್ಲಿ ಏಷ್ಯಾಖಂಡದ ನೆಲವು ಕಾದು ಅದರ ಮೇಲಣ ವಾಯುವು ಹಗುರಾಗುತ್ತದೆ. ತಂಪಾದ ಕಡಲಿನ ವಾಯುವು ಅತ್ತ ಹರಿಯತೊಡಗುತ್ತದೆ. ಭೂಮಧ್ಯರೇಖೆಯ ದಕ್ಷಿಣದಿಂದ ಹೊರಟ ಈ ಪ್ರವಾಹವು ಆಫ್ರಿಕಾದ ಪೂರ್ವದ ಎತ್ತರದ ನೆಲಕ್ಕೆ ಒತ್ತಿಕೊಂಡು ಬಂದು, ಭೂಭ್ರಮಣದ ಬಲದಿಂದ ಬಲಕ್ಕೆ ಬಾಗಿ, ಅರಬ್ಬೀ ಸಮುದ್ರದ ಮೇಲೆ ನೈಋತ್ಯದ ಗಾಳಿಯಾಗುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ ಇದರ ವೇಗವು ಅತ್ಯಧಿಕವೆಂಬುದನ್ನು ಫಿಂಡ್ಲೇಟರ್ ಎಂಬ ವಿದ್ವಾಂಸನು 1969ರಲ್ಲಿ ವಿವರಿಸಿದನು. ಹಾಗೆ ತೇವವನ್ನು ಹೊತ್ತು ಬಂದ ಗಾಳಿಗೆ ಮೊದಲು ಎದುರಾಗುವುದು ಸಹ್ಯಾದ್ರಿ. ಏರಲೇಬೇಕಾದ ವಾಯುವು ಏರುತ್ತ ತಣ್ಣಗಾಗುತ್ತದೆ. ತಣ್ಣಗಾದಂತೆಲ್ಲ ತೇವವನ್ನು ಹಿಡಿದಿಡಲಾರದೆ ಸುರಿದುಬಿಡುತ್ತದೆ. ನೆತ್ತಿಯನ್ನು ದಾಟಿ ಇಳಿಯುವಾಗ ಅದೇ ವಾಯುವು ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಕಾಯುತ್ತದೆ. ಕಾದ ಗಾಳಿಯಲ್ಲಿ ಮೋಡವು ಕರಗುತ್ತದೆ.

ಇದರ ಪರಿಣಾಮವನ್ನು ಅಂಕಗಳಲ್ಲಿ ಕಾಣಬಹುದು. ಕೃಷ್ಣೆಯು ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 200 ಅಂಗುಲಕ್ಕೂ ಮಿಕ್ಕಿ ಮಳೆಯಾಗುತ್ತದೆ. ಅದರ ಪೂರ್ವಕ್ಕೆ ಕೆಲವೇ ಹರದಾರಿಗಳಲ್ಲಿರುವ ಪಂಚಗಣಿಯಲ್ಲಿ ಅದು ಸುಮಾರು 70 ಅಂಗುಲಕ್ಕೂ, ಬೆಟ್ಟದ ಕೆಳಗಿನ ವಾಯಿಯಲ್ಲಿ ಸುಮಾರು 30 ಅಂಗುಲಕ್ಕೂ ಇಳಿಯುತ್ತದೆ. ಉಗಾರದ ನೇರ ಪಡುವಣಕ್ಕಿರುವ ಗಗನಬಾವಡೆಯಲ್ಲಿ ಮತ್ತೆ 200 ಅಂಗುಲ. ಕೊಲ್ಲಾಪುರಕ್ಕೆ ಬರುವಷ್ಟರಲ್ಲಿ ಸುಮಾರು 40. ಅಥಣಿ ರಾಯಬಾಗಗಳಲ್ಲಿ 22ರಿಂದ 25. ಒಂದೇ ಗಾಳಿ, ಒಂದೇ ದಿಕ್ಕು, ಒಂದೇ ತಿಂಗಳು. ಫಲವಾದರೋ ಎಂಟು ಹತ್ತು ಪಾಲು ಭಿನ್ನ. ಮಲೆನಾಡು, ಬಯಲುಸೀಮೆ ಎಂಬ ಕನ್ನಡದ ಜೋಡಿಶಬ್ದಗಳಲ್ಲಿ ಈ ವಿಭಾಗವು ಮೊದಲೇ ಅಡಗಿದೆ. ಶಾಸ್ತ್ರವು ದಿಕ್ಕನ್ನು ಹಿಡಿಯಿತು, ದೇಶಭಾಷೆಯು ನೆಲವನ್ನು ಹಿಡಿಯಿತು.

ಮಳೆಯಿಲ್ಲದ ಗಾಳಿ

ಮಿಥುನ ಕರ್ಕಾಟಕ ಮಾಸಗಳಲ್ಲಿ ಉಗಾರದ ಬಯಲಿನಲ್ಲಿ ಗಾಳಿಗೆ ಕೊರತೆಯಿಲ್ಲ. ಪಡುವಣದಿಂದ ಮೋಡಗಳು ಹಿಂಡುಹಿಂಡಾಗಿ ಬಂದು ತಲೆಯ ಮೇಲೆ ಹಾದು ಮೂಡಣಕ್ಕೆ ಓಡುತ್ತವೆ. ನಡುನಡುವೆ ತುಂತುರು ಹನಿಯುತ್ತದೆ. ಹರಗಿದ ಹೊಲಕ್ಕೆ ಅದು ಸಾಲದು. ಪರ್ವತವು ನೀರನ್ನು ಕಸಿದುಕೊಂಡಿತೇ ಹೊರತು ವೇಗವನ್ನು ಕಸಿದುಕೊಳ್ಳಲಿಲ್ಲ. ಉಗಾರದ ಉತ್ತರಕ್ಕೆ ಸಾಂಗಲಿ ಜಿಲ್ಲೆಯ ಢಾಲಗಾಂವದ ಎತ್ತರದ ನೆಲದಲ್ಲಿ ಇಂದು ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಗದಗಿನ ಕಪ್ಪತಗುಡ್ಡದಲ್ಲಿಯೂ ಚಿತ್ರದುರ್ಗದ ಬೆಟ್ಟಗಳಲ್ಲಿಯೂ ಇಂಥವೇ ಯಂತ್ರಗಳುಂಟು. ಇವೆಲ್ಲವೂ ಮಳೆನೆರಳಿನ ಪ್ರದೇಶಗಳೆಂಬುದು ಗಮನಾರ್ಹ. ಬೇಸಾಯಗಾರನಿಗೆ ನಿಷ್ಫಲವಾದ ಗಾಳಿಯು ಯಂತ್ರಕ್ಕೆ ಸಫಲವಾಯಿತು.

ಹೀಗಿರಲು, ನೈಋತ್ಯದ ಗಾಳಿಯು ಅಶುಭವೆಂಬ ವಾಕ್ಯವು ಉಗಾರದಲ್ಲಿ ಪೂರ್ಣವಾಗಿ ಸುಳ್ಳೂ ಅಲ್ಲ. ಆ ಗಾಳಿಯು ಬೀಸುವ ಕಾಲದಲ್ಲಿ ಅಲ್ಲಿಯ ಹೊಲಕ್ಕೆ ನೇರವಾಗಿ ದಕ್ಕುವುದು ಅಲ್ಪ. ಆದರೆ ಅದು ಗಾಳಿಯ ಗುಣವಲ್ಲ, ಸ್ಥಾನದ ಗುಣ. ಅದೇ ಗಾಳಿಯು ಗಗನಬಾವಡೆಯಲ್ಲಿ ಅಮಿತವೃಷ್ಟಿಯನ್ನು ಕೊಡುತ್ತದೆ.

ಮೂಡಗಾಳಿಯ ಸರದಿ

ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬರುವ ಹೊತ್ತಿಗೆ ಗಾಳಿಯ ಕ್ರಮವು ಬದಲಾಗುತ್ತದೆ. ಪಡುವಣದ ಪ್ರವಾಹವು ಸಡಿಲಿ, ಬಂಗಾಳದ ಕಡಲಿನಲ್ಲಿ ಹುಟ್ಟಿದ ವಾಯುಭಾರದ ಕುಸಿತಗಳು ಆಂಧ್ರದ ಕರಾವಳಿಯನ್ನು ದಾಟಿ ಒಳನಾಡಿಗೆ ಬರುತ್ತವೆ. ಈ ಗಾಳಿಗೆ ಸಹ್ಯಾದ್ರಿಯು ಅಡ್ಡವಲ್ಲ. ಮಧ್ಯಾಹ್ನದ ಮೇಲೆ ಗುಡುಗು ಮಿಂಚುಗಳೊಡನೆ ಬರುವ ಮಳೆಯು ಅಥಣಿಯ ಪೂರ್ವಭಾಗಕ್ಕೂ ವಿಜಯಪುರದ ಎರೆಭೂಮಿಗೂ ಮುಖ್ಯವಾದ ಆಧಾರ. ಆ ಸೀಮೆಯಲ್ಲಿ ಸೆಪ್ಟೆಂಬರ್ ತಿಂಗಳೇ ವರ್ಷದಲ್ಲೆಲ್ಲ ಹೆಚ್ಚಿನ ಮಳೆಯ ತಿಂಗಳು. ಎರೆನೆಲವು ಆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದರ ಬಲದಿಂದಲೇ ಹಿಂಗಾರಿಯ ಬಿಳಿಜೋಳವು ಮತ್ತೆ ಮಳೆಯಿಲ್ಲದೆ ಬೆಳೆದು ತೆನೆಗಟ್ಟುತ್ತದೆ. ಸುಗ್ಗಿಯಲ್ಲಿ ಕಣದ ರಾಶಿಯನ್ನು ತೂರುವವರು ಗಾಳಿಯ ದಿಕ್ಕನ್ನು ನೋಡಿಯೇ ನಿಲ್ಲುತ್ತಿದ್ದರು.

ಮುಂಗಾರು, ಹಿಂಗಾರು ಎಂಬ ಶಬ್ದಗಳಲ್ಲಿ ‘ಕಾರ್’ ಎಂಬುದೇ ಮೂಲ, ಮಳೆಗಾಲವೆಂದು ಅರ್ಥ. ಮುಂದಿನ ಕಾರು, ಹಿಂದಿನ ಕಾರು ಎಂಬ ವಿಭಾಗವು ಕಾಲದ ವಿಭಾಗವೆಂದು ಮೇಲ್ನೋಟಕ್ಕೆ ತೋರುತ್ತದೆ. ವಸ್ತುತಃ ಅದು ಗಾಳಿಯ ವಿಭಾಗವೂ ಹೌದು. ಮುಂಗಾರು ಪಡುವಣ ಕಡಲಿನದು, ಹಿಂಗಾರು ಮೂಡಣ ಕಡಲಿನದು. ವರಾಹಮಿಹಿರನು ಮೆಚ್ಚಿದ ಪೂರ್ವ ಈಶಾನ್ಯಗಳ ಗಾಳಿಯು ಉಗಾರದಲ್ಲಿ ಆಷಾಢಕ್ಕೆ ಸಲ್ಲದಿದ್ದರೂ ಭಾದ್ರಪದ ಆಶ್ವಯುಜಗಳಿಗೆ ಸಲ್ಲುತ್ತದೆ. ಒಂದೇ ಜಿಲ್ಲೆಯ ಪಶ್ಚಿಮದ ತುದಿಗೆ ಒಂದು ನಿಯಮ, ಪೂರ್ವದ ತುದಿಗೆ ಇನ್ನೊಂದು. ಉಗಾರವು ಎರಡರ ನಡುವಿನ ಸಂಧಿಯಲ್ಲಿದೆ.

ಕವಿಸಮಯದ ಗಾಳಿ

ಸಾಹಿತ್ಯವನ್ನು ಬೋಧಿಸುವವರು ಇಲ್ಲಿ ಇನ್ನೊಂದು ಭೇದವನ್ನು ಮಾಡಬೇಕಾಗಿದೆ. ಕಾವ್ಯಗಳ ವಸಂತವರ್ಣನೆಯಲ್ಲಿ ಮಲಯಮಾರುತವು ತೆಂಕಣದಿಂದ ಬಂದು ಚಂದನದ ಕಂಪನ್ನು ಹರಡುತ್ತದೆ. ಎಲರ್, ತಂಬೆಲರ್ ಮೊದಲಾದ ಸೊಗಸಾದ ಹಳಗನ್ನಡ ಶಬ್ದಗಳು ಈ ಸಂದರ್ಭದಲ್ಲಿ ಬಳಕೆಯಾಗಿವೆ. ಇದು ಕವಿಸಮಯ, ಕೃಷ್ಣಾತೀರದ ಚೈತ್ರವೈಶಾಖಗಳ ಬಿಸಿಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಪಂಪನ ವಿಕ್ರಮಾರ್ಜುನವಿಜಯದಲ್ಲಿ (941) ತೆಂಕಣ ಗಾಳಿಯು ಬನವಾಸಿಯ ನೆನಪನ್ನು ತರುವುದು ಪ್ರಸಿದ್ಧವೇ ಆಗಿದೆ. ಅಲ್ಲಿ ಗಾಳಿಗೆ ಒಂದು ನಿಜವಾದ ಊರು ಉಂಟು. ಕವಿಯಿದ್ದ ವೇಮುಲವಾಡಕ್ಕೆ ಬನವಾಸಿಯು ನೈಋತ್ಯದಲ್ಲಿದೆ, ಮಲೆನಾಡಿನ ಅಂಚಿನಲ್ಲಿದೆ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡೆಂದು ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳು ನಾಲ್ಕೂ ಸಹ್ಯಾದ್ರಿಯ ಹಿಂಬದಿಯ ಬಯಲಿನವು. ಬಯಲಿನಲ್ಲಿ ಬಾಳಿದ ಕವಿಗೆ ತಂಪಾದ ಗಾಳಿಯು ದೂರದಿಂದ ಬರತಕ್ಕ ವಸ್ತುವಾಗಿದ್ದುದು ಸಹಜ.

ಚರಿತ್ರೆಯ ಸಾಕ್ಷ್ಯ

ಗಾಳಿಯ ಈ ಕ್ರಮವು ತಪ್ಪಿದಾಗ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷ್ಯಗಳಿವೆ. 1396ರಿಂದ 1407ರ ವರೆಗೆ ದಕ್ಖಣವನ್ನು ಪೀಡಿಸಿತೆಂದು ಹೇಳಲಾಗುವ ದುರ್ಗಾದೇವಿಯ ಬರವು ಜನರ ನೆನಪಿನಲ್ಲಿ ಬಹುಕಾಲ ಉಳಿಯಿತು. 1791–92ರ ಕ್ಷಾಮಕ್ಕೆ ಡೋಗಿ ಬರವೆಂದು ಹೆಸರು. ಸುಡುವವರಿಲ್ಲದೆ ಬಿದ್ದ ಹೆಣಗಳ ತಲೆಬುರುಡೆಗಳಿಂದ ಆ ಹೆಸರು ಬಂದಿತು. ವಾತಚಕ್ರದಲ್ಲಿ ಹೇಳಿದ ಎಲುಬಿನ ಹೊದಿಕೆಯು ಕೇವಲ ಅತಿಶಯೋಕ್ತಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಧಾತು, ಈಶ್ವರ ಸಂವತ್ಸರಗಳ (1876–78) ಮಹಾಕ್ಷಾಮದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ತೀವ್ರವಾಗಿ ನೊಂದವು. 1877ರಲ್ಲಿ ದೂರದ ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯಾಗಿದ್ದಿತೆಂದೂ ಅಂಥ ವರ್ಷಗಳಲ್ಲಿ ಭಾರತದ ಮಳೆಗಾಳಿಯು ದುರ್ಬಲವಾಗುವುದು ಹೆಚ್ಚೆಂದೂ ಈಗ ತಿಳಿದಿದೆ. ಆ ಸಂಬಂಧದ ಎಳೆಯನ್ನು ಮೊದಲು ಹಿಡಿದವನು 1904ರಿಂದ 1924ರ ವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಾಧಿಕಾರಿಯಾಗಿದ್ದ ಗಿಲ್ಬರ್ಟ್ ವಾಕರ್. ಆದರೆ ಆ ಕ್ಷಾಮದ ವರ್ಷಗಳಲ್ಲಿಯೂ ಈ ದೇಶದ ಬಂದರುಗಳಿಂದ ಧಾನ್ಯವು ಹೊರದೇಶಗಳಿಗೆ ಹೋಗುತ್ತಲೇ ಇದ್ದಿತೆಂಬುದನ್ನು ಮರೆಯಬಾರದು. ಮಳೆಯಿಲ್ಲದಿರುವುದು ವಾಯುವಿನ ಕಾರ್ಯ. ಅನ್ನವಿಲ್ಲದಿರುವುದು ವಾಯುವೊಂದರದೇ ಕಾರ್ಯವಲ್ಲ.

ಸಮೀಪಕಾಲದ ಎರಡು ನೆರೆಗಳು ಎರಡು ಗಾಳಿಗಳ ಭೇದವನ್ನು ಸ್ಪಷ್ಟವಾಗಿ ತೋರಿಸುತ್ತವೆ. 2009ರ ಸೆಪ್ಟೆಂಬರ್ ಕಡೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ವಿಜಯಪುರ, ಬಾಗಲಕೋಟೆ, ರಾಯಚೂರು ಮೊದಲಾದ ಒಣಸೀಮೆಗಳಲ್ಲಿ ಮಹಾಪ್ರವಾಹವುಂಟಾಯಿತು. ಅದು ಮೂಡಣ ಕಡಲಿನ ಕುಸಿತದಿಂದ ಬಂದ, ಹೊಲದ ಮೇಲೆಯೇ ಸುರಿದ ಮಳೆ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ನದೀತೀರದ ಗ್ರಾಮಗಳನ್ನು ಮುಳುಗಿಸಿತು. ಈ ನೀರು ಮುಖ್ಯವಾಗಿ ಬಿದ್ದುದು ಇಲ್ಲಿಯ ಹೊಲಗಳ ಮೇಲಲ್ಲ, ಸಹ್ಯಾದ್ರಿಯ ನೆತ್ತಿಯ ಮೇಲೆ. ಆ ವಾರ ಬಂಗಾಳದ ಕಡಲಿನ ವಾಯವ್ಯಭಾಗದಲ್ಲಿ ಬಲವಾದ ವಾಯುಭಾರಕುಸಿತವುಂಟಾಗಿತ್ತು. ಅದರ ಸೆಳೆತದಿಂದ ಪಡುವಣದ ಪ್ರವಾಹವು ಪ್ರಬಲವಾಗಿ ಪರ್ವತವನ್ನು ಬಡಿಯಿತು. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ನದಿಗಳೆಲ್ಲವೂ ಆ ನೆತ್ತಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರತಕ್ಕವು. ಅವುಗಳ ನೀರೆಲ್ಲವೂ ಉಗಾರದ ಬಯಲಿಗೆ ಬರಲೇಬೇಕು.

ಅದೇ ವರ್ಷದ ಮೇ ತಿಂಗಳಿನಲ್ಲಿ ಇದೇ ನದಿಯ ಪಾತ್ರವು ಇದೇ ತಾಲ್ಲೂಕುಗಳಲ್ಲಿ ಒಣಗಿ, ಕುಡಿಯುವ ನೀರಿಗಾಗಿ ಕೊಯ್ನಾ ಜಲಾಶಯದಿಂದ ನೀರನ್ನು ಬಿಡಬೇಕೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಗಿತ್ತು. ಮೂರು ತಿಂಗಳ ಅಂತರದಲ್ಲಿ ಒಂದೇ ತೀರಕ್ಕೆ ಬಾಯಾರಿಕೆಯೂ ಜಲಪ್ರಲಯವೂ ಬಂದವು. ಪರ್ವತವು ಗಾಳಿಯಿಂದ ಕಸಿದುಕೊಂಡ ನೀರನ್ನು ನದಿಯ ಮೂಲಕ ಹಿಂದಿರುಗಿಸುತ್ತದೆ. ಆದರೆ ಹಿಂದಿರುಗುವ ಕಾಲವೂ ಪ್ರಮಾಣವೂ ಹೊಲದ ಅಪೇಕ್ಷೆಯಂತೆ ಇರುವುದಿಲ್ಲ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆಯು ಸ್ಥಾಪಿತವಾದಂದಿನಿಂದ ಈ ಬಯಲಿನಲ್ಲಿ ಹಬ್ಬಿದ ಕಬ್ಬಿನ ಬೇಸಾಯವೆಲ್ಲವೂ ನಿಂತಿರುವುದು ಹೀಗೆ ಹಿಂದಿರುಗಿದ ನೀರಿನ ಮೇಲೆ. ನದಿಯಿಂದ ಕೆಲವು ಹರದಾರಿ ದೂರದ ಮಡ್ಡಿಯ ಹೊಲಗಳಿಗೆ ಆ ಭಾಗ್ಯವೂ ಬಹುಕಾಲ ಇರಲಿಲ್ಲ. ಅವುಗಳಿಗೆ ಉಳಿದುದು ಮೂಡಗಾಳಿಯ ಮಳೆಯೊಂದೇ.

ನಿಗಮನ

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ವಾತಚಕ್ರದ ವಾಕ್ಯವು ಒಂದು ದೇಶದ ಅನುಭವದಿಂದ ಹುಟ್ಟಿ ಸರ್ವದೇಶಕ್ಕೂ ವಿಧಿಯಾಗಿ ಪ್ರಯೋಗಿಸಲ್ಪಟ್ಟಿತು. ದೋಷವು ವೀಕ್ಷಣೆಯಲ್ಲಿಲ್ಲ, ಅತಿದೇಶದಲ್ಲಿದೆ. ನೈಋತ್ಯವಾಯುವಿಗೆ ಸ್ವತಃ ಶುಭಾಶುಭಗಳಿಲ್ಲ. ಪರ್ವತದ ಮುಂದೆ ಅದು ವೃಷ್ಟಿ, ಹಿಂದೆ ಬರಿಯ ಗಾಳಿ, ನದಿಯ ತೀರದಲ್ಲಿ ನೆರೆ.

ಇದರಿಂದ ಲೋಕೋಪಕಾರ, ರಟ್ಟಮತ ಮೊದಲಾದ ಕನ್ನಡ ಗ್ರಂಥಗಳ ಪರಿಶೀಲನೆಗೆ ಒಂದು ಉಪಾಯವು ದೊರೆಯುತ್ತದೆ. ಆ ಗ್ರಂಥಕಾರರು ಗಾಳಿಯ ದಿಕ್ಕುಗಳ ಫಲವನ್ನು ಸಂಸ್ಕೃತಮೂಲದಂತೆಯೇ ಹೇಳಿದ್ದರೆ ಅದನ್ನು ಪರಂಪರೆಯ ಅನುವಾದವೆಂದು ತಿಳಿಯಬೇಕು. ಎಲ್ಲಿ ಪಡುವಣ ಗಾಳಿಗೆ ಶುಭವನ್ನೋ, ಮೂಡಣ ಗಾಳಿಯ ಮಳೆಗೆ ಬೇರೆ ಕಾಲವನ್ನೋ ಹೇಳಿ ಮೂಲವನ್ನು ಬಿಟ್ಟುಹೋಗಿರುವರೋ, ಅಂಥ ಸ್ಥಳಗಳನ್ನು ಲೇಖಕದೋಷವೆಂದು ತಿದ್ದದೆ ಕನ್ನಡನಾಡಿನ ಆಕಾಶವನ್ನು ಕಂಡು ಬರೆದ ಮಾತುಗಳೆಂದು ಮೊದಲು ಪರೀಕ್ಷಿಸಬೇಕು. ಸಂಪಾದಕರು ಪಾಠಾಂತರಗಳನ್ನು ನಿರ್ಣಯಿಸುವಾಗ ಹಸ್ತಪ್ರತಿಗಳೊಡನೆ ಮಳೆಯ ಅಂಕಗಳನ್ನೂ ಪರ್ವತದ ನಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಉಚಿತ. ಕೃಷ್ಣಾತೀರದ ರೈತನು ಆಷಾಢದ ಸಂಜೆ ಪಡುವಣ ಗಾಳಿಗೆ ಮುಖವೊಡ್ಡಿ ನಿಂತಾಗ ನೋಡುವುದು ತನ್ನ ಹೊಲದ ಮೇಲಣ ಮೋಡವನ್ನಷ್ಟೇ ಅಲ್ಲ. ಘಟ್ಟದ ಮೇಲೆ ಮಳೆಯು ಹೇಗಿದೆ, ಹೊಳೆಯು ಎಷ್ಟು ಏರಿದೆ ಎಂಬುದನ್ನೂ ಅವನು ವಿಚಾರಿಸುತ್ತಾನೆ. ಪ್ರಾಚೀನ ವಾಯುಲಕ್ಷಣವನ್ನು ಓದುವ ವಿದ್ವಾಂಸರೂ ಆ ಎರಡು ಪ್ರಶ್ನೆಗಳನ್ನು ಕೇಳುವುದು ಅವಶ್ಯವಾಗಿದೆ.